ಕತ್ತಿಯ ಪಾಪ ಕಂಬಾರನಿಗೆಷ್ಟು?



ಹಿಂದಿನ ಒಂದು ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಗಡಿಭಾಗದ ವ್ಯಾಪಾರಸ್ಥ ಭಕ್ತರೊಬ್ಬರು ಎದ್ದು ನಿಂತು ಪ್ರಶ್ನೆ ಕೇಳಿದರು. "ಅಪ್ಪಾವರ, ಕಂಬಾರ ಕತ್ತಿ ಮಾಡ್ತಾನ. ಆ ಕತ್ತಿಲೆ ಮತ್ತೊಬ್ಬ ಯಾರನ್ನೋ ಕಡೀತಾನ. ಕಂಬಾರಗ ಪಾಪ ಬರ್ತದೇನ್ರಿ?" ಸಭೆಯಲ್ಲಿದ್ದ ರೈತರೊಬ್ಬರು ಕೂಡಲೇ, "ಕಡದಾಂವಗ ಬರ್ತದ, ಮಾಡಿದಾಂವಗ ಯಾಕ ಬರ್ತದ?" ಎಂದರು. ಹಿರಿಯರೊಬ್ಬರು, "ಕುಡಗೋಲು ಮಾಡೂದು ಬಿಟ್ಟು ಕತ್ತಿ ಯಾಕ ಮಾಡಬೇಕು?" ಎಂದರು. ನಾವೂ ನಮಗೆ ಆ ಹೊತ್ತಿಗೆ ತೋಚಿದಂತೆ, ಪಾಪವೇನಿದ್ದರೂ ಕೈಗೆ, ಕಬ್ಬಿಣಕ್ಕಲ್ಲ ಎಂದು ಹೇಳಿ ಗೋಷ್ಠಿಯನ್ನು ಮುಂದುವರಿಸಿದೆವು. ಕೇಳಿದವರು ಕೈಮುಗಿದು ಕುಳಿತರು. ಆದರೆ ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

ಪ್ರಸಾದವಾಗಿ ಎಲ್ಲರೂ ಹೋದ ಮೇಲೆ ಅವರು ಒಬ್ಬರೇ ಉಳಿದರು. ಆಗ ನಿಜವಾದ ಪ್ರಶ್ನೆ ಹೊರಗೆ ಬಂತು. ಅವರದು ಬೀಜ, ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಎಣ್ಣೆಯ ಅಂಗಡಿ. ಒಂದು ಸಂಜೆ ಪರಿಚಯದ ರೈತನೊಬ್ಬ ಬಂದು ಒಂದು ಬಾಟಲಿ ಎಣ್ಣೆಯನ್ನು ಉದ್ರಿ ಒಯ್ದ. ಅದನ್ನು ಅವನು ಬೆಳೆಗೆ ಹೊಡೆಯಲಿಲ್ಲ. ಮರುದಿನ ಬೆಳಗ್ಗೆ ಅವನ ಮನೆಯ ಮುಂದೆ ಮಂದಿ ಸೇರಿದ್ದರು. "ಖಾತೇದಾಗ ಆ ಬಾಟ್ಲಿ ರೊಕ್ಕ ಇನ್ನೂ ಅವನ ಹೆಸರಿಗಿ ಅದ ಅಪ್ಪಾವರ. ಅಳಸ್ಲಾಕೂ ಕೈ ಬರವಲ್ದು, ಬಿಡ್ಲಾಕೂ ಮನಸ್ಸು ಬರವಲ್ದು. ಮಾರೂದು ನನ್ನ ಕಾಯಕ. ನಂದು ತಪ್ಪದೋ ಇಲ್ಲೋ, ಅಷ್ಟ ಹೇಳ್ರಿ" ಎಂದು ಕಣ್ಣೀರು ತಂದರು. ಗೋಷ್ಠಿಯಲ್ಲಿ ನಾವು ಕೊಟ್ಟ ಉತ್ತರ ಎಷ್ಟು ಹಗುರವಾಗಿತ್ತೆಂಬುದು ನಮಗೆ ಆಗ ತಿಳಿಯಿತು. ಮುಂದಿನ ಅಮಾವಾಸ್ಯೆಗೆ ಬನ್ನಿರಿ, ಅಷ್ಟರಲ್ಲಿ ಯೋಚಿಸುತ್ತೇವೆ ಎಂದು ಕಳುಹಿಸಿಕೊಟ್ಟೆವು. ಯೋಚಿಸಿದ್ದನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇವೆ. ಇದು ಅವರೊಬ್ಬರ ಪ್ರಶ್ನೆಯಲ್ಲ. ಬೆಳೆದು ಮಾರುವ, ಕೊಂಡು ಮಾರುವ ನಮ್ಮೆಲ್ಲರ ಪ್ರಶ್ನೆ.

ಅವರು ಕಂಬಾರನ ನೆಪದಲ್ಲಿ ಕೇಳಿದರು. ಆದ್ದರಿಂದ ನಾವೂ ಮೊದಲು ಕಂಬಾರನ ಕುಲುಮೆಗೇ ಹೋಗೋಣ. ಕತ್ತಿ ಹೇಗೆ ಆಗುತ್ತದೆಂದು ನೋಡದೆ ಕತ್ತಿಯ ಪಾಪವನ್ನು ಹಂಚಲು ಕೂಡುವುದು ಸರಿಯಲ್ಲ.

ಉಕ್ಕಿನ ಊರು

ತೆಲಂಗಾಣದ ನಿಜಾಮಾಬಾದ ಜಿಲ್ಲೆಯಲ್ಲಿ ಕೋನಸಮುದ್ರಂ ಎಂಬ ಊರಿದೆ. ಒಂದು ಕಾಲಕ್ಕೆ ಈ ಸಣ್ಣ ಊರಿನ ಉಕ್ಕನ್ನು ಹುಡುಕಿಕೊಂಡು ಪರ್ಷಿಯಾ ದೇಶದ ವರ್ತಕರು ಬರುತ್ತಿದ್ದರು. ದಕ್ಷಿಣ ಭಾರತದ ಈ ಉಕ್ಕು ಕಡಲು ದಾಟಿ ಹೋಗಿ, ಅಲ್ಲಿಯ ಕುಶಲ ಕಂಬಾರರ ಕೈಯಲ್ಲಿ ಕತ್ತಿಯಾಗಿ, ಯುರೋಪಿನವರ ಬಾಯಲ್ಲಿ 'ಡಮಾಸ್ಕಸ್ ಕತ್ತಿ' ಎಂದು ಹೆಸರಾಯಿತು. ಹೆಸರು ಸಂತೆಯ ಊರಿಗೆ ಹೋಯಿತು, ಮೂಸೆಯ ಮುಂದೆ ಬೆವರು ಸುರಿಸಿದ ಊರಿಗೆ ಬರಲಿಲ್ಲ. ಇಂಗ್ಲಿಷರು ಈ ಉಕ್ಕನ್ನು 'ವೂಟ್ಜ್' ಎಂದು ಕರೆದರು. ಅದು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹುಟ್ಟಿತೆಂದು ವಿದ್ವಾಂಸರಲ್ಲಿ ಹಲವರು ಹೇಳುತ್ತಾರೆ. ಮೈಸೂರು ಸೀಮೆಯಲ್ಲಿಯೂ ಇಂಥ ಉಕ್ಕು ಆಗುತ್ತಿತ್ತು. 1800-01ರಲ್ಲಿ ಆ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ. ಕೋನಸಮುದ್ರಂನ ಕೆಲಸವನ್ನು 1820ರ ಸುಮಾರಿಗೆ ಕಣ್ಣಾರೆ ಕಂಡು ಬರೆದವನು ಹೆನ್ರಿ ವಾಯ್ಸಿ ಎಂಬ ವೈದ್ಯ. ಭೂಮಿಯ ಅಳತೆಯ ಕೆಲಸಕ್ಕೆ ಬಂದಿದ್ದ ತಂಡದವನು ಅವನು.

ಕೆಲಸ ಹೀಗಿತ್ತು. ಕಬ್ಬಿಣದ ಅದಿರನ್ನು ಇದ್ದಲಿಯಲ್ಲಿ ಕಾಸಿ ಮೊದಲು ಮೆತ್ತನೆಯ ಕಬ್ಬಿಣ ಮಾಡಿಕೊಳ್ಳುತ್ತಿದ್ದರು. ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಮೂಸೆ ಕಟ್ಟುತ್ತಿದ್ದರು. ಮೈಸೂರು ಸೀಮೆಯಲ್ಲಿ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಮೇಲೆ ಹಸಿರೆಲೆ ಇಟ್ಟು ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಆ ತಂಗಡಿಯೇ ಕಬ್ಬಿಣವನ್ನು ಉಕ್ಕು ಮಾಡುವ ಸಾಧನ. ಕಡ್ಡಿ, ಎಲೆ ಸುಟ್ಟು ಇದ್ದಲಿಯಾಗಿ, ಅದರ ಸಾರ ಕಬ್ಬಿಣದೊಳಗೆ ಇಳಿಯುತ್ತದೆ. ನೂರಕ್ಕೆ ಒಂದೂವರೆ ಭಾಗದಷ್ಟು ಇಳಿದರೆ ಸಾಕು, ಮೆತ್ತನೆಯ ಕಬ್ಬಿಣವು ಗಟ್ಟಿ ಉಕ್ಕಾಗುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಶಾಖ ಬೇಕು. ಇದ್ದಲಿಯ ಸಾರ ಇಳಿದಂತೆ ಅದು ಸ್ವಲ್ಪ ಬೇಗನೆ ಕರಗುತ್ತದೆ. ಅಷ್ಟು ಶಾಖವನ್ನು ತೊಗಲಿನ ತಿದಿ ಒತ್ತಿಯೇ ಎಬ್ಬಿಸಬೇಕಿತ್ತು. ಕೋನಸಮುದ್ರಂನಲ್ಲಿ ಎರಡು ಊರುಗಳ ಕಬ್ಬಿಣವನ್ನು ಮೂರಕ್ಕೆ ಎರಡರಂತೆ ತೂಗಿ ಬೆರೆಸುತ್ತಿದ್ದರು, ಹಗಲು ರಾತ್ರಿ ಸೇರಿ 24 ತಾಸು ತಿದಿ ಒತ್ತುತ್ತಿದ್ದರು ಎಂದು ವಾಯ್ಸಿ ಬರೆದಿದ್ದಾನೆ.

ಬೆಂಕಿಯ ಕೆಲಸ ಮುಗಿದ ಮೇಲೆ ಇನ್ನೂ ದೊಡ್ಡ ಕೆಲಸ ತಾಳ್ಮೆಯದು. ಅವಸರದಿಂದ ಮೂಸೆ ಒಡೆದರೆ ಕೆಟ್ಟಿತು. ಒಳಗಿನ ಉಕ್ಕು ಮೆಲ್ಲಗೆ ಆರಬೇಕು. ಆರಿದ ಮೇಲೆ ಒಡೆದರೆ ಅಂಗೈ ತುಂಬುವಷ್ಟು ಒಂದು ಗಟ್ಟಿ ಬರುತ್ತದೆ. ಅದರ ಮೇಲ್ಮೈಯಲ್ಲಿ ನಡುವಿನಿಂದ ಅಂಚಿಗೆ ಗೆರೆಗಳು ಹರಡಿದ್ದರೆ ಪೂರ್ತಿ ಕರಗಿತೆಂದು ಅರ್ಥ. ಆ ಮೇಲೆ ಅದಕ್ಕೆ ಮಣ್ಣು ಬಳಿದು, ಮತ್ತೆ ಮತ್ತೆ ಹದವಾದ ಬೆಂಕಿಯಲ್ಲಿಟ್ಟು ಮೆತ್ತಗೆ ಮಾಡುತ್ತಿದ್ದರು. ಇಲ್ಲದಿದ್ದರೆ ಸುತ್ತಿಗೆಯ ಮೊದಲ ಪೆಟ್ಟಿಗೇ ಅದು ಸೀಳುತ್ತಿತ್ತು.

ಇನ್ನು ಗಟ್ಟಿಯನ್ನು ಕತ್ತಿ ಮಾಡುವ ಕೆಲಸ. ಯುರೋಪಿನ ಕಂಬಾರರು ಈ ಉಕ್ಕನ್ನು ತಮ್ಮ ರೂಢಿಯಂತೆ ಬೆಳ್ಳಗೆ ಕಾಸಿ ಬಡಿದರು. ಅದು ಅಡೆಗಲ್ಲಿನ ಮೇಲೆ ಪುಡಿಪುಡಿಯಾಯಿತು. ಉಕ್ಕೇ ಕೆಟ್ಟದ್ದೆಂದು ಕೆಲವರು ದೂರಿದರು. ಇದರ ಗುಟ್ಟು ಬೇರೆಯೇ ಇತ್ತು. ಮಂದವಾದ ಕೆಂಪು ಬಣ್ಣ ಬರುವಷ್ಟೇ ಕಾಸಬೇಕು, ಮೆಲ್ಲಗೆ ಬಡಿಯಬೇಕು, ಆರಿತೆಂದರೆ ಮತ್ತೆ ಕಾಸಬೇಕು. ಹೀಗೆ ಲೆಕ್ಕವಿಲ್ಲದಷ್ಟು ಸಾರಿ. ಅವಸರ ಮಾಡಿದವನಿಗೆ ಈ ಉಕ್ಕು ಒಲಿಯುವುದಿಲ್ಲ. ಅಲಗು ಆದ ಮೇಲೆ ಕಾಸಿ ಅದ್ದಿ ಹದ ಕೊಡಬೇಕು. ಹದ ಹೆಚ್ಚಾದರೆ ಗಾಜಿನಂತೆ ಮುರಿಯುತ್ತದೆ, ಕಡಿಮೆಯಾದರೆ ತಗಡಿನಂತೆ ಬಾಗುತ್ತದೆ. ಕೊನೆಗೆ ಸಾಣೆ ಹಿಡಿದು, ತಿಕ್ಕಿ, ಹುಳಿದ್ರವ ಸವರಿದಾಗ ಅಲಗಿನ ಮೈಮೇಲೆ ಕೆರೆಯ ನೀರಿನ ಸಣ್ಣ ಅಲೆಯಂಥ ಚಿತ್ತಾರ ಏಳುತ್ತದೆ. ಅದು ಮೇಲೆ ಕೊರೆದದ್ದಲ್ಲ, ಒಳಗೇ ಇದ್ದದ್ದು. ಮೂಸೆಯಲ್ಲಿ ಮೆಲ್ಲಗೆ ಆರಿದ್ದು, ಕುಲುಮೆಯಲ್ಲಿ ತಾಳ್ಮೆಯಿಂದ ಬಡಿದದ್ದು, ಎಲ್ಲವೂ ಸೇರಿ ಆ ಚಿತ್ತಾರ. ಕಂಬಾರ ಮಾಡಿದ ಒಳಗಿನ ಕೆಲಸಕ್ಕೆ ಅದೇ ಸಾಕ್ಷಿ.

ಮೊದಲ ಹೊಣೆ: ಕಾಣದ ಒಳಗು

ಇಷ್ಟನ್ನು ನೋಡಿದರೆ ಕಂಬಾರನ ಮೊದಲ ಹೊಣೆ ಯಾವುದೆಂದು ತಿಳಿಯುತ್ತದೆ. ಅಲಗಿನೊಳಗೆ ಕೂದಲೆಳೆಯಂಥ ಬಿರುಕಿದ್ದರೆ ಅದು ಕೊಳ್ಳುವವನ ಕಣ್ಣಿಗೆ ಕಾಣುವುದಿಲ್ಲ. ಸಾಣೆ ಹಿಡಿದರೆ ಹೊರಗೆ ಥಳಥಳ ಹೊಳೆಯುತ್ತದೆ. ಬಿರುಕು ಗೊತ್ತಾಗುವುದು ಕತ್ತಿ ಮುರಿದ ದಿನ, ಅಂದರೆ ಹಿಡಿದವನ ಜೀವ ಅದರ ಮೇಲೆ ನಿಂತ ದಿನ. ಆ ಬಿರುಕಿನ ಸಂಗತಿ ಬಲ್ಲವನು ಮಾಡಿದವನೊಬ್ಬನೇ. ಬಾಗಿಸಿ ನೋಡಿದಾಗ, ಬಡಿದು ದನಿ ಕೇಳಿದಾಗ ಅವನಿಗೆ ತಿಳಿದಿರುತ್ತದೆ. ತಿಳಿದೂ ಹೊಳಪು ಕೊಟ್ಟು ಮಾರಿದರೆ ಆ ಪಾಪ ಪೂರ್ತಿ ಅವನದೇ. ಅದನ್ನು ಯಾರೊಂದಿಗೂ ಹಂಚಿಕೊಳ್ಳಲು ಬರುವುದಿಲ್ಲ.

ನಮ್ಮ ಶರಣರು ಸತ್ಯಶುದ್ಧ ಕಾಯಕವೆಂದದ್ದು ಇದನ್ನೇ. ಗಡಿಭಾಗದ ನಮ್ಮ ಭಕ್ತರು ಕತ್ತಿ ಮಾಡುವುದಿಲ್ಲ. ಆದರೆ ಕಾಣದ ಬಿರುಕು ನಮ್ಮ ಮಾಲಿನಲ್ಲಿಯೂ ಇರುತ್ತದೆ. ಹತ್ತಿಯ ಅಂಡಿಗೆಯೊಳಗೆ ಚಿಮುಕಿಸಿದ ನೀರು ಬಿರುಕು. ದ್ರಾಕ್ಷಿಗೆ ಎಣ್ಣೆ ಹೊಡೆದು, ಇಷ್ಟು ದಿನ ಬಿಡಬೇಕೆಂಬ ನಿಯಮವಿದ್ದರೂ ಬೆಲೆ ಬಂತೆಂದು ಮರುದಿನವೇ ಕೊಯ್ದು ಪೆಟ್ಟಿಗೆ ತುಂಬಿದರೆ ಅದು ಬಿರುಕು. ಹಳೆಯ ಬೀಜಕ್ಕೆ ಹೊಸ ಚೀಟಿ ಅಂಟಿಸಿದರೆ ಅದೂ ಬಿರುಕು. ಎಲ್ಲಿಯೋ ಒಂದು ದೂರದ ಪಟ್ಟಣದಲ್ಲಿ ಆ ಹಣ್ಣು ತಿನ್ನುವ ಕೂಸಿಗೆ ನಾವು ಯಾರೆಂದು ಗೊತ್ತಿಲ್ಲ. ಗೊತ್ತಿಲ್ಲದಿರುವುದರಿಂದಲೇ ನಮ್ಮ ಹೊಣೆ ಹೆಚ್ಚು.

ಕಣ್ಣಿಗೆ ಮೀರಿದ ದೂರ

ಆದರೆ ಮಾಲು ನಿಷ್ಕಳಂಕವಾಗಿದ್ದರೆ ಹೊಣೆ ತೀರಿತೇ? ಒಳ್ಳೆಯ ಕತ್ತಿಯೇ ಹೆಚ್ಚು ಚೆನ್ನಾಗಿ ಕಡಿಯುತ್ತದಲ್ಲ! ಗೋಷ್ಠಿಯಲ್ಲಿ ಹಿರಿಯರು ಕೇಳಿದ ಮಾತಿಗೆ ಇಲ್ಲಿ ಉತ್ತರ ಹೇಳಲೇಬೇಕು.

ಕೋನಸಮುದ್ರಂನ ಉಕ್ಕಿನ ಗಟ್ಟಿ ಇಸ್ಫಹಾನಿಗೆ ಹೋಗಿ ಯಾವ ಅರಸನ ಯಾವ ದಂಡಯಾತ್ರೆಯಲ್ಲಿ ಯಾರ ಮೇಲೆ ಬಿತ್ತೆಂಬುದು ತಿದಿ ಒತ್ತಿದವನಿಗೆ ತಿಳಿಯುವಂತಿರಲಿಲ್ಲ. ಅದೇ ಬಗೆಯ ಉಕ್ಕು ಇನ್ನೊಂದು ದಾರಿಯನ್ನೂ ಹಿಡಿಯಿತು. 1790ರ ದಶಕದಲ್ಲಿ ಮುಂಬಯಿಯಿಂದ ಅದರ ಮಾದರಿಗಳು ಲಂಡನ್ನಿಗೆ ಹೋದವು. ಅಲ್ಲಿ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ಮಾಡುವವನು ಅದನ್ನು ಬಹಳ ಮೆಚ್ಚಿ, ಶಸ್ತ್ರವೈದ್ಯರ ಅಲಗುಗಳಿಗೂ ಬಳಸಿದನು. ಅವನೊಂದಿಗೆ ಸೇರಿ ಈ ಉಕ್ಕಿನ ಗುಟ್ಟನ್ನು ತಿಳಿಯಲು ಹೊರಟವನು ಮೈಕೆಲ್ ಫ್ಯಾರಡೆ, ಸ್ವತಃ ಕಂಬಾರನ ಮಗ. 1820 ಮತ್ತು 1822ರಲ್ಲಿ ಇಬ್ಬರೂ ಸೇರಿ ಬರೆದ ಲೇಖನಗಳು ಪ್ರಕಟವಾದವು. ಒಂದೇ ಬಗೆಯ ಮೂಸೆ, ಒಂದೇ ತಂಗಡಿ ಕಡ್ಡಿ. ಒಂದು ಗಟ್ಟಿ ಕತ್ತಿಯಾಯಿತು, ಇನ್ನೊಂದು ವೈದ್ಯನ ಕೈಯಲ್ಲಿ ಜೀವ ಉಳಿಸುವ ಅಲಗಾಯಿತು. ತಿದಿ ಒತ್ತಿದವನಿಗೆ ಮೊದಲನೆಯದರ ಪಾಪ ಹೊರಿಸುವುದಾದರೆ ಎರಡನೆಯದರ ಪುಣ್ಯವನ್ನೂ ಕೊಡಬೇಕಾಗುತ್ತದೆ. ಎರಡೂ ಸರಿಯಲ್ಲ. ಕಣ್ಣು ಮುಟ್ಟದ ದೂರದಲ್ಲಿ ನಡೆದದ್ದಕ್ಕೆ ಮನುಷ್ಯನನ್ನು ಹೊಣೆ ಮಾಡಿದರೆ ಯಾವನೂ ಯಾವ ಕಾಯಕವನ್ನೂ ಮಾಡಲಾರ. ಸೊನ್ನಲಿಗೆಯಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಕೆರೆ ತೋಡಿಸುವಾಗ ಮಣ್ಣು ಅಗೆದದ್ದೂ ಕಂಬಾರನ ಕಬ್ಬಿಣದಿಂದಲೇ ಅಲ್ಲವೇ?

ಆದರೆ ಈ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಎಲ್ಲರಿಗೂ ಅಡಗಲು ಒಳ್ಳೆಯ ಕೋಣೆಯಾಗುತ್ತದೆ. ಅದಿರು ತೆಗೆದವನು, ಉಕ್ಕು ಮಾಡಿದವನು, ಹೊತ್ತು ಮಾರಿದವನು, ಅಲಗು ಬಡಿದವನು, ಕೊಂಡು ಕೊಟ್ಟವನು ಎಲ್ಲರೂ "ನಂದು ಒಂದ ಕೈ" ಎನ್ನುತ್ತಾರೆ. ಐದು ಕೈ ದಾಟುವಷ್ಟರಲ್ಲಿ ಪಾಪ ಯಾರದೂ ಅಲ್ಲದಂತಾಗುತ್ತದೆ. ಪಾಪವೇನು ಹಂಚಿದಂತೆ ಕಡಿಮೆಯಾಗುವ ಜೋಳದ ರಾಶಿಯೇ?

ಎದುರಿಗೆ ನಿಂತವನ ಮುಖ

ವಾಯ್ಸಿ ಬರೆದ ಒಂದು ಸಂಗತಿ ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಅವನು ಹೋದಾಗ ಇಸ್ಫಹಾನಿನಿಂದ ಬಂದ ವರ್ತಕನೊಬ್ಬ ಕೋನಸಮುದ್ರಂನಲ್ಲಿಯೇ ಇದ್ದ. ಇಂಥ ಉಕ್ಕನ್ನು ತಮ್ಮ ದೇಶದಲ್ಲಿ ಮಾಡಲು ಯತ್ನಿಸಿ ಸೋತು, ಇಲ್ಲಿಗೇ ಬರುತ್ತಿದ್ದರು. ಅವನು ಮಾಲು ಬರಲೆಂದು ಎಲ್ಲೋ ಕುಳಿತು ಕಾಯಲಿಲ್ಲ. ಕುಲುಮೆಯ ಪಕ್ಕದಲ್ಲಿಯೇ ನಿಂತು, ಕಬ್ಬಿಣವನ್ನು ತಾನೇ ತೂಗಿ, ಕೆಲಸವನ್ನು ನೋಡಿಕೊಳ್ಳುತ್ತಿದ್ದ. ಅಂದರೆ ಮಾಡುವವನೂ ಒಯ್ಯುವವನೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು.

ಕೊಡುವ ಕೈಯೂ ಕೊಳ್ಳುವ ಕೈಯೂ ಕೂಡುವ ಆ ಒಂದು ಗಳಿಗೆ ದೂರದ್ದಲ್ಲ. ಅದು ನಮ್ಮ ಕಣ್ಣೆದುರಿನದು. ಇಸ್ಫಹಾನಿನಲ್ಲಿ ನಡೆದದ್ದು ಕಂಬಾರನಿಗೆ ತಿಳಿಯದು, ನಿಜ. ಆದರೆ ತನ್ನ ಊರಿನವನೇ ಕಣ್ಣು ಕೆಂಪಾಗಿ, ಉಸಿರು ಬಿಗಿಹಿಡಿದು, ಅಣ್ಣ ತಮ್ಮಂದಿರ ಬದುವಿನ ಜಗಳ ಬಿಸಿಯಾಗಿದ್ದ ದಿನವೇ ಬಂದು ಕತ್ತಿ ಕೇಳಿದರೆ? ಆಗಲೂ "ಮಾರೂದು ನನ್ನ ಕಾಯಕ" ಎನ್ನಬಹುದೇ? ಎನ್ನಬಾರದು. ಕಂಡದ್ದನ್ನು ಕಾಣದವರಂತೆ ನಡೆದುಕೊಂಡರೆ ಅದು ಕಾಯಕವಲ್ಲ, ಬರೀ ವ್ಯವಹಾರ.

ವಚನಕಾರ ಶರಣರಲ್ಲಿ ಹೆಂಡದ ಮಾರಯ್ಯನೆಂಬವನೂ ಇದ್ದಾನೆ. ಶರಣರು ಅವನನ್ನು ಆ ಹೆಸರಿನಿಂದಲೇ ತಮ್ಮ ಸಾಲಿನಲ್ಲಿ ಸೇರಿಸಿಕೊಂಡರು. ಕಸುಬಿನ ಹೆಸರು ನೋಡಿ ಮನುಷ್ಯನನ್ನು ತಳ್ಳುವ ಪದ್ಧತಿ ಅವರದಾಗಿರಲಿಲ್ಲ. ಅದೇ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮನೂ ಇದ್ದಾಳೆ. ಗಂಡ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಇದ್ದಲ್ಲಿಯೇ ಸುರಿದು ಬರಲು ಹೇಳಿದವಳು ಆಕೆ. ಆ ಅಕ್ಕಿಯಲ್ಲಿ ಕಲ್ಲಿರಲಿಲ್ಲ, ಅದು ಕದ್ದದ್ದೂ ಅಲ್ಲ. ಆದರೂ ಆಕೆ ಕೇಳಿದಳು. ಇವೆರಡನ್ನೂ ಕೂಡಿಸಿ ನೋಡಿದರೆ ನಮಗೆ ತಿಳಿಯುವುದಿಷ್ಟು: ಕಾಯಕವು ಶುದ್ಧವಾಗುವುದು ಅದರ ಹೆಸರಿನಿಂದಲ್ಲ. ಮಾಡುವಾಗ, ಕೊಡುವಾಗ, ತರುವಾಗ ಎಚ್ಚರವಾಗಿದ್ದು, ಕೇಳಬೇಕಾದ್ದನ್ನು ಕೇಳುವುದರಿಂದ.

ಮತ್ತೆ ಆ ಅಂಗಡಿಯ ಮಾತು

ಮುಂದಿನ ಅಮಾವಾಸ್ಯೆಗೆ ಆ ಭಕ್ತರು ಬಂದರು. ನಾವು ಒಂದೇ ಮಾತು ಕೇಳಿದೆವು: "ಆ ಸಂಜಿ ಅವ ಬಂದಾಗ ಅವನ ಹೊಲದಾಗ ಬೆಳಿ ಇತ್ತೇನು?" ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇರಲಿಲ್ಲರಿ. ಆ ವರ್ಷ ಮಳಿ ಹೋಗಿತ್ತು. ತೊಗರಿ ಒಣಗಿ ನಿಂತಿತ್ತು. ನನಗೂ ಗೊತ್ತಿತ್ತು. ಮನಸ್ಸಿನ್ಯಾಗ ಒಮ್ಮಿ ಬಂತು, ಇವಗ ಎಣ್ಣಿ ಯಾಕ ಬೇಕಾತು ಅಂತ. ಅಂಗಡ್ಯಾಗ ಮಂದಿ ಇದ್ದರು. ಕೇಳಲಿಲ್ಲರಿ" ಎಂದರು.

ನಾವು ಹೇಳಿದೆವು: ಅವನ ಸಾವು ನಿಮ್ಮದಲ್ಲ. ಅದನ್ನು ಹೊತ್ತು ತಿರುಗಬೇಡಿರಿ. ಅದರ ಹಿಂದೆ ಮಳೆಯಿದೆ, ಸಾಲವಿದೆ, ಅವನೊಬ್ಬನೇ ಬಲ್ಲ ಕತ್ತಲೆಯಿದೆ. ಹೋದವನನ್ನು ತೂಗುವ ತಕ್ಕಡಿ ನಮ್ಮಲ್ಲಿಲ್ಲ, ಅವನ ಬಗ್ಗೆ ಹಗುರವಾದ ಮಾತು ಯಾರೂ ಆಡಬಾರದು. ನೀವು ಕೇಳಿದ್ದರೂ ಅವನು ಏನಾದರೊಂದು ನೆಪ ಹೇಳಿ ಒಯ್ಯುತ್ತಿದ್ದನೇನೋ. ಆದರೆ ಮನಸ್ಸಿಗೆ ಬಂದ ಆ ಒಂದು ಪ್ರಶ್ನೆಯನ್ನು ನುಂಗಿದಿರಲ್ಲ, ಅದು ಮಾತ್ರ ನಿಮ್ಮದು. ಇಲ್ಲವೆಂದು ನಾವು ಸುಳ್ಳು ಸಮಾಧಾನ ಹೇಳಲಾರೆವು. ಅದು ಸಣ್ಣದು. ಆದರೆ ಅಷ್ಟೂ ನಿಮ್ಮದೇ.

ಇಷ್ಟು ಹೇಳಿದ ಮೇಲೆ ನಮ್ಮದನ್ನೂ ಹೇಳಲೇಬೇಕಾಯಿತು. ಆ ರೈತ ಮಠದ ಭಕ್ತನೇ. ಅದಕ್ಕೂ ಮೊದಲಿನ ಎರಡು ಅಮಾವಾಸ್ಯೆಗಳಿಗೆ ಬಂದು, ಹಿಂದೆ ಕಂಬಕ್ಕೆ ಒರಗಿ ಕುಳಿತು, ಪ್ರಸಾದಕ್ಕೆ ನಿಲ್ಲದೆ ಎದ್ದು ಹೋಗಿದ್ದ. ನಾವು ಕಂಡಿದ್ದೆವು. ಅಂದು ನೂರಾರು ಮಂದಿ ಇದ್ದರು. ಯಾಕಪ್ಪಾ, ಮೈಯಲ್ಲಿ ಹುಷಾರಿಲ್ಲವೇ ಎಂದು ನಾವೂ ಕೇಳಲಿಲ್ಲ. ಅಂಗಡಿಯಲ್ಲಿ ಮಂದಿಯಿದ್ದರು, ಮಠದಲ್ಲಿಯೂ ಮಂದಿಯಿದ್ದರು. ಅವರ ನೆಪವೂ ನಮ್ಮ ನೆಪವೂ ಒಂದೇ. ಕಾಯಕದ ಮೇಲೆ ಉಪದೇಶ ಮಾಡುವವರ ಕಾಯಕದಲ್ಲಿಯೇ ಬಿರುಕಿತ್ತು. ಇದನ್ನು ಮುಚ್ಚಿಟ್ಟು ಈ ಲೇಖನಕ್ಕೆ ಸಾಣೆ ಹಿಡಿದರೆ ನಾವೂ ಆ ಬಿರುಕುಗತ್ತಿ ಮಾರುವ ಕಂಬಾರನೇ ಆಗುತ್ತೇವೆ.

ಕೋನಸಮುದ್ರಂನಂಥ ಕುಲುಮೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಆರಿದವು. ಅಗ್ಗದ ವಿಲಾಯತಿ ಉಕ್ಕು ಬಂತು. ಇದ್ದಲಿಗೆ ಕಾಡು ಸಿಗದಾಯಿತು. 1878ರ ಆಯುಧ ಕಾಯ್ದೆಯಿಂದ ಶಸ್ತ್ರಕ್ಕೆ ಲೈಸೆನ್ಸು ಬಂತು. ಕತ್ತಿಯ ಕಾಲ ಹೋಯಿತು. ಆದರೆ ಕತ್ತಿಯ ಪ್ರಶ್ನೆ ಹೋಗಲಿಲ್ಲ. ಅದು ನಮ್ಮ ಅಂಗಡಿಯ ಕಪಾಟಿನಲ್ಲಿ, ಅಡತಿಯ ತಕ್ಕಡಿಯಲ್ಲಿ, ಬಡ್ಡಿಯ ಚೀಟಿಯಲ್ಲಿ, ತೋಟದ ಪಂಪಿನಲ್ಲಿ ಕುಳಿತಿದೆ. ಬಡ್ಡಿಗೆ ರೊಕ್ಕ ಕೊಡುವವರು ಎದುರಿಗಿನವನು ಅದನ್ನು ತೀರಿಸಬಲ್ಲನೇ ಎಂದು ಕೇಳಬೇಕು, ಅವನ ಹೊಲ ತಮ್ಮದಾಗಲೆಂದು ಕಾಯಬಾರದು. ಎಣ್ಣೆ ಮಾರುವವರು ಯಾವ ಬೆಳೆಗೆ, ಎಷ್ಟು ಎಕರೆಗೆ ಎಂದು ಕೇಳಬೇಕು. ಕೇಳಿದರೆ ಗಿರಾಕಿ ಬೇರೆ ಅಂಗಡಿಗೆ ಹೋದಾನೆಂಬ ಭಯವಿದ್ದರೆ, ಹೋಗಲಿ. ಆ ನಷ್ಟವೂ ದಾಸೋಹವೇ.

ಒಂದು ವಿನಂತಿ. ಸಾಲದಿಂದಲೋ ಬೆಳೆ ಹೋದದ್ದರಿಂದಲೋ ಬದುಕು ಭಾರವಾದವರು ಯಾರೇ ಇರಲಿ, ಹೊತ್ತು ನೋಡದೆ ಮಠಕ್ಕೆ ಬನ್ನಿರಿ. ರಾತ್ರಿಯಾಗಿದ್ದರೂ ಬಾಗಿಲು ಬಡಿಯಿರಿ. ಬರಲಾಗದವರ ಮನೆಗೆ ಓಣಿಯ ಹಿರಿಯರೇ ಹೋಗಬೇಕು. ಇನ್ನು ಮುಂದೆ ಪ್ರಸಾದಕ್ಕೆ ನಿಲ್ಲದೆ ಹೋಗುವವರನ್ನು ನಾವೇ ಎದ್ದು ಹೋಗಿ ಕೇಳುತ್ತೇವೆ.

ಆ ವ್ಯಾಪಾರಸ್ಥ ಭಕ್ತರು ಮೊನ್ನೆ ಬಂದಿದ್ದರು. ಅಂಗಡಿಯಲ್ಲಿ ಈಗ ಎಣ್ಣೆ ಕೇಳಿದವರಿಗೆಲ್ಲ, ಮಂದಿ ಎಷ್ಟೇ ಇರಲಿ, ಯಾವ ಬೆಳೆಗೆಂದು ಕೇಳದೆ ಕೊಡುವುದಿಲ್ಲವಂತೆ. ಕೆಲವರು ಬೈಯುತ್ತಾರೆ, ಕೆಲವರು ಕುಳಿತು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ ಎಂದರು. ಖಾತೆಯ ಆ ಬಾಕಿ ಏನಾಯಿತೆಂದು ಕೇಳಿದೆವು.

"ಅಳಸಿಲ್ಲರಿ ಅಪ್ಪಾವರ. ಅವನ ಹೆಸರಿನಿಂದ ತೆಗದು ನನ್ನ ಹೆಸರಿಗಿ ಬರಕೊಂಡೀನ್ರಿ" ಎಂದರು.